ಮಡು ಕಲಕದ ಹಾಗೆ

ಅಡುಗೆಮನೆಯಲ್ಲಿ ಲೋಟ ಇಟ್ಟ ಸಣ್ಣ ಸದ್ದಿಗೆ ನಯನಾಳಿಗೆ ಎಚ್ಚರವಾಯಿತು. ಸ್ಟೀಲಿನ ಲೋಟ ಕಡಪಾ ಕಲ್ಲಿನ ಮೇಲೆ ಕೂತ ಸದ್ದು, ಅಷ್ಟೇ. ನಲ್ಲಿ ತಿರುಗಲಿಲ್ಲ, ನೀರು ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಅದೇ ಲೋಟವನ್ನು ಎತ್ತಿ, ತಡೆದು, ಮತ್ತೆ ಅಲ್ಲೇ ಇಟ್ಟರು. ಪಕ್ಕದಲ್ಲಿ ಗಂಡನ ದಿಂಬು ಖಾಲಿ ಇತ್ತು.

ಸದ್ದಾಗಬೇಕಾದ ಕಡೆ ಸದ್ದಾಗದಿದ್ದರೆ ಅವಳ ಎದೆ ಮೊದಲು ಹೊಡೆದುಕೊಳ್ಳುತ್ತಿತ್ತು. ಎದ್ದು ಹೋಗಿ ದೀಪ ಹಾಕಿದಳು. ಬಕ್ಕೇಶ ಫಿಲ್ಟರಿನ ಮುಂದೆ ನಿಂತಿದ್ದ. ತುಟಿ ಬಿಳಿಚಿ ಸೀಳಿತ್ತು. ದಾವಣಗೆರೆಯ ಮೇ ತಿಂಗಳು, ನಡುರಾತ್ರಿಯಲ್ಲೂ ಗೋಡೆ ಬಿಸಿ ಉಗುಳುತ್ತಿತ್ತು. ಆದರೂ ಅವನ ಬನಿಯನ್ ಒಣಗಿಕೊಂಡೇ ಇತ್ತು. ಬೆವರುವುದಕ್ಕೂ ಮೈಯಲ್ಲಿ ನೀರಿಲ್ಲವೇನೋ ಎನ್ನಿಸಿ ಅವಳಿಗೆ ಭಯವಾಯಿತು. ಹೋದ ಬೇಸಿಗೆಯಲ್ಲಿ ಅವನ ಕಿಡ್ನಿಯ ಕಲ್ಲು ತೆಗೆದ ಡಾಕ್ಟರು, ಅವನಿಗೆ ಹೇಳಿದರೆ ಪ್ರಯೋಜನವಿಲ್ಲ ಎಂಬಂತೆ ಅವಳ ಕಡೆ ತಿರುಗಿ ಹೇಳಿದ್ದರು: ಇವರು ನೀರು ಕಡಿಮೆ ಕುಡಿದರೆ ಮುಂದಿನ ಸಲ ತೆಗೆಯುವುದು ಕಲ್ಲಲ್ಲಮ್ಮ, ಕಿಡ್ನಿಯನ್ನೇ. ಅಂದಿನಿಂದ ಅವನು ಕುಡಿದ ಲೋಟಗಳ ಮೇಲೆ ಅವಳ ಕಣ್ಣು. ನಿನ್ನೆ ಮಾತ್ರ ಕಣ್ಣು ತಪ್ಪಿತ್ತು. ಬೆಳಿಗ್ಗೆ ತಿಂಡಿ ಹೊರಗೇ ಆಯಿತು ಎಂದು ಫೋನ್ ಮಾಡಿದ್ದ. ಮಂಡಿಪೇಟೆಯ ಅಂಗಡಿಗೆ ಕಳಿಸಿದ ಬುತ್ತಿ ಖಾಲಿಯಾಗಿ ಬಂದಿತ್ತು. ರಾತ್ರಿ ಹೊಟ್ಟೆ ಭಾರ ಅಂದು ಮಲಗಿದ್ದ.

ಅವಳೇ ಲೋಟ ತುಂಬಿ ಮುಂದೆ ಹಿಡಿದಳು. ಅವನು ಹಿಂದೆ ಸರಿದ. ಸರಿದಾಗ ಬನಿಯನ್ನಿನ ಕೊರಳು ಕಾಣಿಸಿತು. ಅಲ್ಲಿ ಶಿವದಾರ ಇರಲಿಲ್ಲ. ದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯೂ, ಅದರೊಳಗಿನ ಇಷ್ಟಲಿಂಗವೂ ಇರಲಿಲ್ಲ. ಮದುವೆಯಾದಾಗಿನಿಂದ, ಜ್ವರದಲ್ಲಾಗಲಿ ಆಸ್ಪತ್ರೆಯಲ್ಲಾಗಲಿ, ಆ ದಾರವಿಲ್ಲದ ಅವನ ಕೊರಳನ್ನು ಅವಳು ನೋಡಿರಲಿಲ್ಲ.

"ಎಲ್ಲಿ ಹೋತು?"

"ಹೊಳಿಯಾಗ," ಅಂದ ಬಕ್ಕೇಶ. "ನಿನ್ನೆ ಬೆಳಿಗ್ಗೆ. ಟ್ಯೂಬಿನ ಮ್ಯಾಲಿಂದ."

ಟ್ಯೂಬಿನ ವಿಷಯ ಅವಳಿಗೆ ಗೊತ್ತಿತ್ತು. ವಾಕಿಂಗ್ ಎಂದು ನಸುಕಿನಲ್ಲೇ ಬೈಕ್ ಹತ್ತುವವನು ಹರಿಹರ ದಾಟಿ, ಗುತ್ತೂರಿನ ಕೆಳಗೆ ತುಂಗಭದ್ರೆಯ ಮಡುವಿಗೆ ಹೋಗುತ್ತಿದ್ದ. ಹರಿಹರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಗೆಳೆಯ ನೌಮಾನ್ ಅಲ್ಲಿ ಲಾರಿಯ ಟ್ಯೂಬಿಗೆ ಗಾಳಿ ತುಂಬಿ, ನಡುವಿನ ತೂತಿಗೆ ಹಗ್ಗದ ಬಲೆ ಹೆಣೆದು ಕಾಯುತ್ತಿದ್ದ. ಆ ಬಲೆಯ ಮೇಲೆ ಕೂತು, ಕಾಲು ನೀರಿಗೆ ಇಳಿಬಿಟ್ಟು, ಗಾಳ ಹಾಕುವುದು. ಮನೆಯೋ, ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಲಿಂಗಾಯತರ ಮನೆ. ಹಿಡಿದ ಮೀನನ್ನು ಅವನು ತಿನ್ನುತ್ತಿರಲಿಲ್ಲ. ನೌಮಾನನ ತಾಯಿ ಜೈನಾಬಿಗೆ ಕಳಿಸಿ, ನಿಂಬೆಹಣ್ಣಿನಲ್ಲಿ ಕೈ ತಿಕ್ಕಿಕೊಂಡು ಮನೆಗೆ ಬರುತ್ತಿದ್ದ. ವಾಕಿಂಗ್ ಹೋದವನ ಕೈಗೆ ನಿಂಬೆಯ ವಾಸನೆ ಯಾಕೆ ಎಂದು ಅವಳು ಕೇಳಿದ ದಿನ ಗುಟ್ಟು ಹೊರಬಿದ್ದಿತ್ತು.

ಅವಳು ಜಗಳವಾಡಲಿಲ್ಲ. ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಕೂಗಾಡುವ ಮನುಷ್ಯ ವಾರಕ್ಕೊಂದು ಬೆಳಗು ಸುಮ್ಮನೆ ಕೂತರೆ ಕೂರಲಿ ಅಂದುಕೊಂಡಳು. ಆಮೇಲೆ ಅವನಿಗೆ ಹೇಳಿಕೊಳ್ಳಲು ಒಬ್ಬಳು ಸಿಕ್ಕಂತಾಗಿ, ಮಲಗುವ ಹೊತ್ತಿಗೆ ಮಡುವಿನ ವಿದ್ಯೆಯನ್ನೆಲ್ಲ ಬಿಚ್ಚುತ್ತಿದ್ದ. ಬೇಸಿಗೆಯಲ್ಲಿ ದಡದ ನೀರು ಕಾಯುತ್ತದೆ. ದೊಡ್ಡ ಮೀನು ಮರಳು ತೆಗೆದ ಗುಂಡಿಗಳ ತಂಪಿಗೆ ಇಳಿಯುತ್ತದೆ, ದಡದಿಂದ ಗಾಳ ಎಸೆದರೆ ಅಲ್ಲಿಗೆ ಮುಟ್ಟುವುದಿಲ್ಲ, ಅದಕ್ಕೇ ಟ್ಯೂಬು. ಗಾಳಿ ಏಳುವುದಕ್ಕೆ ಮೊದಲು ಹೋಗಬೇಕು. ನೆರಳು ಗಾಳದ ಕಡೆ ಬೀಳದ ಹಾಗೆ ಕೂರಬೇಕು. ಭಟ್ಟಿಯಲ್ಲಿ ಸುಟ್ಟುಹೋದ ಮಂಡಕ್ಕಿಯನ್ನು ಶೇಂಗಾ ಹಿಂಡಿಯ ಜೊತೆ ಉಂಡೆ ಕಟ್ಟಿ ಮೊದಲೇ ಎಸೆದಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕಾಲಾಡಿಸಬಾರದು. ಕಾಲಾಡಿಸಿದರೆ ತಳದ ರಾಡಿ ಎದ್ದು ಮಡು ಕಲಕುತ್ತದೆ; ಆಮೇಲೆ ಮಧ್ಯಾಹ್ನದವರೆಗೆ ಕೂತರೂ ಅದೃಷ್ಟ ತಿರುಗುವುದಿಲ್ಲ.

ಅವನು ಹೇಳದೆ ಬಿಟ್ಟಿದ್ದು ಒಂದೇ, ಅದು ಈಗ ಹೊರಬಂತು. ಮೀನಿನ ಬಾಯಿಂದ ಗಾಳ ಬಿಡಿಸುವ ಕೈಯ ಹತ್ತಿರ ಲಿಂಗ ಇರಬಾರದು ಎಂದು, ಟ್ಯೂಬು ಹತ್ತಿದ ಮೇಲೆ ಅವನು ಕರಡಿಗೆಯನ್ನು ಕೊರಳಿಂದ ತೆಗೆಯುತ್ತಿದ್ದ. ನೌಮಾನನ ಕೈಗೆ ಕೊಡಲು ಸಂಕೋಚ, ದಡದಲ್ಲಿ ಕಲ್ಲಿನ ಮೇಲಿಟ್ಟು ಹೋಗಲು ಭಯ. ಹಾಗಾಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹೊರಗುಳಿದ ಶಿವದಾರದಿಂದಲೇ ಟ್ಯೂಬಿನ ಗಾಳಿ ಹಾಕುವ ಮೂತಿಗೆ ಕಟ್ಟುತ್ತಿದ್ದ. ನಿನ್ನೆ ದೊಡ್ಡದೊಂದು ಮೀನು ಬಿದ್ದಿತ್ತು. ಅದನ್ನು ಎಳೆದು ಮೇಲೆ ಹಾಕಿಕೊಳ್ಳುವ ಗಡಿಬಿಡಿಯಲ್ಲಿ ಗಂಟು ಸಡಿಲಿ ಚೀಲ ಜಾರಿತ್ತು. ಮಧ್ಯಾಹ್ನದವರೆಗೆ ಮುಳುಗಿ ಮುಳುಗಿ ಹುಡುಕಿದ್ದ. ಸಿಗಲಿಲ್ಲ.

"ಅದು ಸಿಗೋ ತನಕ ನೀರು ಮುಟ್ಟಂಗಿಲ್ಲ," ಅಂದ.

ಬೆಳಗಾದ ಮೇಲೆ ಮಠಕ್ಕೆ ಹೋಗೋಣ, ಅಯ್ಯನವರ ಹತ್ತಿರ ಬೇರೆ ಲಿಂಗ ಕಟ್ಟಿಸಿಕೊಂಡರೆ ಆಯಿತು ಎಂದು ಅವಳು ಪಿಸುಗುಟ್ಟಿದಳು. ದೇವರಿಗೂ ಡಾಕ್ಟರಿಗೂ ನಡುವೆ ಒಂದು ದಾರಿ ಇದ್ದೇ ಇರುತ್ತದೆ ಎಂದು ಓದಿದವಳ ನಂಬಿಕೆಯಲ್ಲಿ ವಾದಿಸಿದಳು. ಅವನು ತಲೆಯಾಡಿಸಿದ.

"ಎಲ್ಲಿ ಕಳದಿ ಅಂದ್ರೆ ಏನಂತ ಹೇಳ್ಲಿ? ಮೀನು ಹಿಡಿಯಾಕ ಹೋಗಿದ್ದೆ, ಟ್ಯೂಬಿಗೆ ಕಟ್ಟಿದ್ದೆ ಅಂತ ಗುರುಗಳ ಮುಂದ ಹೇಳ್ಲಾ? ಸುಳ್ಳು ಹೇಳಿ ಲಿಂಗ ಕಟ್ಟಿಸ್ಕೊಳ್ಳಾಕಾಗಲ್ಲ ನಯನಾ. ನಮ್ಮಜ್ಜ ಏನು ಮಾಡಿದ್ರು, ನಿಂಗೂ ಗೊತ್ತೈತೆ."

ಅಜ್ಜ ಕೊಟ್ಟೂರಪ್ಪನ ಕಥೆ ಆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಭಾನುವಳ್ಳಿಯ ಗದ್ದೆಯಲ್ಲಿ ಲಿಂಗ ಬಿದ್ದುಹೋಗಿ, ಅಜ್ಜ ಕಾಲುವೆಯ ಏರಿಯ ಮೇಲೆ ನೀರು ಬಿಟ್ಟು ಕೂತು, ಊರಿಗೆ ಊರೇ ಕೆಸರು ಸೋಸಿ ಹುಡುಕಿಕೊಟ್ಟ ಕಥೆ. ಅತ್ತೆ ಅಕ್ಕನಾಗಮ್ಮ ಅದನ್ನು ತನ್ನ ಮಾವನ ಪದಕದ ಹಾಗೆ ಎಲ್ಲರಿಗೂ ತೋರಿಸುತ್ತಿದ್ದರು. ಅತ್ತೆಯನ್ನು ಎಬ್ಬಿಸಿ ಹೇಳಿಬಿಡಲೇ ಎಂದು ನಯನಾ ಯೋಚಿಸಿದಳು. ಮಗನಿಗೆ ಬುದ್ಧಿ ಹೇಳುವ ಬದಲು ಅವರೂ ಅವನ ಪಕ್ಕದಲ್ಲಿ ನೀರು ಬಿಟ್ಟು ಕೂರುತ್ತಾರೆ. ಬಿಪಿ ಗುಳಿಗೆ ನುಂಗುವುದಕ್ಕೂ ಒಲ್ಲೆ ಎನ್ನುತ್ತಾರೆ. ಆಮೇಲೆ ಇಬ್ಬರನ್ನು ಉಳಿಸಬೇಕು.

"ನಸುಕಿಗೇ ಹೋಗಾಣ," ಅಂದಳು. "ನಾನೂ ಬರ್ತೀನಿ."

ಬೈಕ್ ಹೊರಗೆ ತೆಗೆಯುವಾಗ ಅಕ್ಕನಾಗಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದರು. ಭಾನುವಾರ ಇಷ್ಟು ಬೇಗ ಎಲ್ಲಿಗೆ ಎಂದು ಕೇಳಿದರು. ಹರಿಹರದ ಗುಡಿಗೆ ಎಂದಳು ನಯನಾ. ಅತ್ತೆ ಮಗನ ಮುಖವನ್ನು ಒಂದು ಕ್ಷಣ ಹೆಚ್ಚಿಗೆ ನೋಡಿದರು. ಅಂಗಿಯ ಗುಂಡಿಯನ್ನು ಕೊರಳವರೆಗೆ ಹಾಕಿಸಿದ್ದು ನಯನಾಳೇ. ಈ ಸೆಕೆಯಲ್ಲಿ ಅದೇ ಎದ್ದು ಕಾಣುತ್ತಿದೆ ಎಂದು ಈಗ ಹೊಳೆಯಿತು.

"ಒಂದು ಲೋಟ ಚಾ ಆದ್ರೂ ಕುಡ್ದು ಹೋಗೋ. ಮಾರಿ ಬಾಡಿ ಬದನೆಕಾಯಿ ಆಗೈತೆ."

"ಅಭಿಷೇಕ ಆಗೋ ತನಕ ಬ್ಯಾಡ ಅಂದಾರೆ ಅತ್ತಿ," ಎಂದಳು ನಯನಾ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಕಸಿವಿಸಿಯಾಯಿತು. ಅತ್ತೆಗೆ ಸಂತೋಷವಾಯಿತು. ಮಗ ಇಷ್ಟು ಭಕ್ತನಾದದ್ದು ಯಾವಾಗ ಎಂದು ನಕ್ಕು ಗೇಟು ತೆಗೆದರು.

ನೌಮಾನ್ ಗುತ್ತೂರಿನ ಕೆಳಗೆ ಟ್ಯೂಬಿನ ಜೊತೆ ಕಾದಿದ್ದ. ಎತ್ತರಕ್ಕೂ ಅಗಲಕ್ಕೂ ದೊಡ್ಡ ಆಳು. ನಯನಾಳನ್ನು ನೋಡಿ ಗಡಬಡಿಸಿ, "ಬರ್ರಿ ಅಕ್ಕಾ, ಕೂಡ್ರಿ," ಎಂದು ಬರೀ ಮರಳಿದ್ದ ಕಡೆ ಕೈ ತೋರಿಸಿದ. ಹೊಳೆ ಬೇಸಿಗೆಗೆ ಬತ್ತಿ ಬಂಡೆ ಮರಳುಗಳ ನಡುವೆ ಅಲ್ಲಲ್ಲಿ ಮಡುಗಳಾಗಿ ನಿಂತಿತ್ತು. ಇವರ ಮುಂದಿನ ಮಡುವೇ ದೊಡ್ಡದು. ಆಚೆ ದಡಕ್ಕೆ ಜೊಂಡು ಹುಲ್ಲು ಒತ್ತಾಗಿ ಬೆಳೆದಿತ್ತು. ಹಿಂದೆ ಕಾರ್ಖಾನೆಯೊಂದರ ಚಿಮಣಿ. ಗಾಳಿ ಇರಲಿಲ್ಲ, ನೀರು ಬಟ್ಟೆ ಹಾಸಿದಂತೆ ಮಲಗಿತ್ತು.

ಉಪಾಯ ನೌಮಾನನದು. ಬೆಳ್ಳಿಯನ್ನು ಕೈಯಿಂದ ತಡಕುವುದು ಬೇಡ, ಶಿವದಾರವನ್ನು ಗಾಳಕ್ಕೆ ಸಿಕ್ಕಿಸೋಣ. ಮೂರು ಮುಳ್ಳಿನ ಗಾಳ, ಮೇಲೆ ಸೀಸದ ಗುಂಡು. ತಳ ಮುಟ್ಟಿಸಿ ಬಿಡುವುದು, ಟ್ಯೂಬು ತೇಲಿದ ಹಾಗೆ ಗಾಳ ನೆಲ ಸವರುತ್ತದೆ. ದಾರ ಉದ್ದ ಇದೆ, ಒಂದಲ್ಲ ಒಂದು ಮುಳ್ಳಿಗೆ ಬಿದ್ದೇ ಬೀಳುತ್ತದೆ. ನಿನ್ನೆ ಬಕ್ಕೇಶ ಮುಳುಗಿ ಎಬ್ಬಿಸಿದ ರಾಡಿ ರಾತ್ರಿಯಲ್ಲಿ ಕೂತಿದೆ; ಇವತ್ತು ಮತ್ತೆ ಎದ್ದರೆ ಕರಡಿಗೆ ಅದರಡಿ ಹೂತುಹೋಗುತ್ತದೆ, ಆಮೇಲೆ ಯಾವ ಗಾಳಕ್ಕೂ ಸಿಗುವುದಿಲ್ಲ ಎಂದು ಎಚ್ಚರಿಸಿದ.

ಬಕ್ಕೇಶನೇ ಹೋಗುವೆನೆಂದು ಹಟ ಹಿಡಿದು ನೀರಿಗಿಳಿದ. ಟ್ಯೂಬು ಹತ್ತಲು ಕೈ ಊರಿದವನು ಹಾಗೇ ಬಗ್ಗಿದ. ಮೀನಖಂಡ ಹಿಡಿದುಕೊಂಡು ಗಂಟಾಗಿತ್ತು. ನೌಮಾನ್ ಕಂಕುಳಿಗೆ ಕೈ ಹಾಕಿ ಎಳೆತಂದು ಹೊಂಗೆಯ ನೆರಳಿನಲ್ಲಿ ಮಲಗಿಸಿದ. ಅವನಿಗೆ ವಾಂತಿ ಬಂದಂತಾಯಿತು; ಹೊಟ್ಟೆಯಿಂದ ಬರಲು ಏನೂ ಇರಲಿಲ್ಲ. ನಯನಾ ತನ್ನ ಚೂಡಿದಾರದ ದುಪ್ಪಟ್ಟಾವನ್ನು ಹೊಳೆಯಲ್ಲಿ ಅದ್ದಿ ಅವನ ಹಣೆಗೆ ಹಾಕಿದಳು. ಒಂದು ಹನಿ ತುಟಿಯ ಕಡೆ ಇಳಿಯಿತು. ಅವನು ಕೈಯಿಂದ ಒರೆಸಿಕೊಂಡ.

"ನಡೀರಿ, ಆಸ್ಪತ್ರಿಗೆ ಹೋಗಾಣ," ಎಂದಳು.

"ಅಲ್ಲೂ ಅವ್ರು ನೀರೇ ಏರಸ್ತಾರೆ," ಎಂದು ಅವನು ಕಣ್ಣು ಮುಚ್ಚಿದ. "ಸೂಜಿ ಚುಚ್ಚಾಕ ಬಿಡಂಗಿಲ್ಲ."

ನೌಮಾನ್ ಟ್ಯೂಬಿನ ಕಡೆಗೂ ತನ್ನ ಹೊಟ್ಟೆಯ ಕಡೆಗೂ ನೋಡಿಕೊಂಡ. "ನಾ ಹೋಗ್ಬೋದಿತ್ತು ಅಕ್ಕಾ. ನಾ ಎತ್ತಿದ್ರೆ ನಿಮ್ ದೇವ್ರು ಏನೂ ಅನ್ನಲ್ಲ, ನಿಮ್ಮತ್ತಿ ಅಂತಾರೆ, ಅದಿರ್ಲಿ. ನಾ ಕೂತ್ರೆ ಟ್ಯೂಬು ಅರ್ಧ ಮುಳುಗಿ ಕಾಲು ನೆಲ ಉಳ್ತಾವ. ಮಡು ಎಲ್ಲ ಗದ್ದಿ ಆಗ್ತದೆ."

ಅವನು ಮುಂದೇನು ಹೇಳಲು ಹಿಂಜರಿಯುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಾಯಿತು. ಮೂವರಲ್ಲಿ ಹಗುರ ಅವಳೇ. ಅವಳಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತರೂ ಅವಳ ಕಾಲಡಿಯ ನೆಲ ಜಾರುತ್ತಿತ್ತು.

"ಹಗ್ಗ ಐತಾ?" ಎಂದು ಕೇಳಿದಳು.

ಟ್ಯೂಬಿಗೆ ನೈಲಾನ್ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನೌಮಾನ್ ಮುಂಗೈಗೆ ಸುತ್ತಿಕೊಂಡ. ಬಕ್ಕೇಶನ ಹವಾಯಿ ಚಪ್ಪಲಿಗಳನ್ನು ಅವಳ ಎರಡೂ ಕೈಗೆ ಹಾಕಿಸಿ, ಇವೇ ಹುಟ್ಟು ಅಂದ. ಟ್ಯೂಬು ಅವಳಡಿ ಅತ್ತಿತ್ತ ವಾಲಿದಾಗ ಬಾಯಿಗೆ ಬಂದ ಕೂಗನ್ನು ನುಂಗಿದಳು. ಸೊಂಟದವರೆಗೆ ನೀರು ಏರಿತು. ಮೇಲೆ ಉಗುರುಬೆಚ್ಚಗಿನ ನೀರು, ಪಾದಕ್ಕೆ ತಣ್ಣಗೆ ಸೋಕುವ ಬೇರೆಯೇ ನೀರು. ಕಾಲಾಡಿಸಬಾರದು. ಪಾದಗಳನ್ನು ಜೋಡಿಸಿ, ಪೂಜೆಗೆ ಕೂತವಳ ಹಾಗೆ ಬಿಗಿಹಿಡಿದಳು.

ಗುರುತು ಅವನು ಹೇಳಿದ್ದ: ಚಿಮಣಿಯೂ ಆಚೆ ದಡದ ಅತ್ತಿಮರವೂ ಒಂದೇ ಗೆರೆಗೆ ಬರುವ ಜಾಗ. ಅಲ್ಲೇ ನಿನ್ನೆ ಟ್ಯೂಬು ನಿಲ್ಲಿಸಲು ಕಲ್ಲು ಇಳಿಬಿಟ್ಟಿದ್ದನಂತೆ. ಅಲ್ಲಿಗೆ ಮುಟ್ಟಿ ಗಾಳ ಬಿಟ್ಟಳು. ದಾರ ಬೆರಳ ಮೇಲಿಂದ ಜಾರುತ್ತ ಜಾರುತ್ತ ಕೊನೆಗೆ ಸಡಿಲಾಯಿತು. ತಳ. ಟ್ಯೂಬನ್ನು ತೇಲಲು ಬಿಟ್ಟು, ಬೆರಳ ತುದಿಯಲ್ಲಿ ದಾರ ಹಿಡಿದು ಕೂತಳು. ಮರಳು ಸವರಿದ್ದು ಬೆರಳಿಗೆ ತಿಳಿಯುತ್ತಿತ್ತು. ಒಮ್ಮೆ ಏನೋ ಸಿಕ್ಕಿತು. ಎತ್ತಿದರೆ ಹರಿದ ಬಲೆಯ ತುಂಡು. ಇನ್ನೊಮ್ಮೆ ಬೇರು. ಮತ್ತೆ ಗೆರೆಗೆ ಬಂದು, ಮತ್ತೆ ಬಿಟ್ಟು, ಮತ್ತೆ ತೇಲಿದಳು. ಏನೂ ಇಲ್ಲ.

ಬಿಸಿಲು ಜೊಂಡಿನ ತಲೆಯ ಮೇಲೆ ಬಂದಿತ್ತು. ದಡದಲ್ಲಿ ಬಕ್ಕೇಶ ಮಗ್ಗುಲಾಗಿ ಮಲಗಿ ಮೊಣಕಾಲು ಎದೆಗೆ ಎಳೆದುಕೊಂಡಿದ್ದ. ಎದ್ದು ಕೂರದವನನ್ನು ಎತ್ತಿ ಬೈಕಿನಲ್ಲಿ ಕೂರಿಸುವುದು ಹೇಗೆ ಎಂದು ಅವಳ ತಲೆ ಆಗಲೇ ಲೆಕ್ಕ ಹಾಕತೊಡಗಿತ್ತು. ಆ ಯೋಚನೆಯ ನಡುವೆಯೇ ಇನ್ನೊಂದು ಯೋಚನೆ ಬಂತು. ಅವನು ಇದೇ ಜಾಗದಲ್ಲಿ ಮಧ್ಯಾಹ್ನದವರೆಗೆ ಮುಳುಗಿದ್ದ. ಕೈಗೆ ಸಿಗಲಿಲ್ಲ, ಗಾಳಕ್ಕೂ ಸಿಗುತ್ತಿಲ್ಲ. ಇಲ್ಲಿ ಇಲ್ಲದ್ದಕ್ಕೇ ಸಿಗುತ್ತಿಲ್ಲವೇನೋ.

"ರೀ," ಎಂದು ಕೂಗಿದಳು. "ಮೀನು ಬಿದ್ದಾಗ ಕಲ್ಲು ಕೆಳಗೇ ಇತ್ತಾ?"

ಅವನು ತಲೆ ಎತ್ತಲು ಹೊತ್ತು ಹಿಡಿಯಿತು. ಏನು ಹೇಳಿದನೋ ಕೇಳಿಸಲಿಲ್ಲ. ನೌಮಾನ್ ಬಗ್ಗಿ ಕೇಳಿ, ಕೂಗಿ ಹೇಳಿದ: ಕಲ್ಲು ಎತ್ತಿಕೊಂಡಿದ್ದರಂತೆ, ಗಾಳದ ದಾರ ಕಲ್ಲಿನ ಹಗ್ಗಕ್ಕೆ ಸುತ್ತಿಕೊಳ್ಳಬಾರದು ಅಂತ. ದೊಡ್ಡ ಮೀನು ಬಿದ್ದರೆ ಯಾವಾಗಲೂ ಎತ್ತುತ್ತಾರೆ.

"ಹಂಗಾದ್ರೆ ಮೀನು ಟ್ಯೂಬು ಎಳ್ಕೊಂಡು ಹೋಗಿರ್ಬೇಕಲ್ಲ? ಎಲ್ಲಿ ತನಕ?"

ದಡದಲ್ಲಿ ನೌಮಾನ್ ಹಣೆ ಬಡಿದುಕೊಂಡ. ಗುಂಡಿಯ ಮೀನು ಬಿದ್ದ ಕೂಡಲೇ ಓಡುವುದು ಜೊಂಡಿನೊಳಕ್ಕೆ. ಬಕ್ಕೇಶ ಅಲ್ಲೇ ಎಲ್ಲೋ ಅದನ್ನು ಮೇಲೆ ಹಾಕಿಕೊಂಡು, ಅಭ್ಯಾಸಬಲದಿಂದ ಹುಟ್ಟು ಹಾಕಿ ಚಿಮಣಿಯ ಗೆರೆಗೆ ಮರಳಿ, ಕಲ್ಲು ಇಳಿಸಿದ ಮೇಲೆ ಚೀಲ ಇಲ್ಲದ್ದನ್ನು ನೋಡಿದ್ದ. ನೋಡಿದ ಜಾಗವನ್ನೇ ಬಿದ್ದ ಜಾಗ ಅಂದುಕೊಂಡಿದ್ದ.

ಅವಳು ಚಪ್ಪಲಿಗಳಿಂದ ನೀರನ್ನು ಹಿಂದೆ ತಳ್ಳುತ್ತ ಜೊಂಡಿನ ಕಡೆ ಹೊರಟಳು. ಸ್ವಲ್ಪ ದೂರಕ್ಕೆ ಹಗ್ಗ ಬಿಗಿದು ಟ್ಯೂಬು ಜಗ್ಗಿ ನಿಂತಿತು. ಹಗ್ಗ ಮುಗಿಯಿತು, ತಿರುಗಿ ಬನ್ನಿ ಎಂದು ನೌಮಾನ್ ಕೈ ಬೀಸಿದ. ಎದೆಮಟ್ಟದ ನೀರಿನವರೆಗೆ ಅವನೇ ಇಳಿದು ನಿಂತಿದ್ದ. ಇನ್ನು ಒಂದು ಹೆಜ್ಜೆ ಇಟ್ಟರೆ ಗುಂಡಿ, ಇಟ್ಟರೆ ರಾಡಿ. ಮುಂದೆ ಜೊಂಡಿನ ಅಂಚಿನ ನೀರು ಕಪ್ಪಗಿತ್ತು. ಅಲ್ಲಿ ಎಷ್ಟು ಆಳವೋ ಯಾರಿಗೆ ಗೊತ್ತು.

"ಹಗ್ಗ ಬಿಡ್ರಿ," ಎಂದಳು.

"ಬ್ಯಾಡ ಅಕ್ಕಾ. ಈಜು ಬರಲ್ಲ ನಿಮಗೆ."

"ಬಿಡ್ರಿ ಅಂದೆ."

ಹಗ್ಗ ಸಡಿಲಾದದ್ದು ಅವಳ ಬೆನ್ನಿಗೆ ತಿಳಿಯಿತು. ಅದೇ ಹೊತ್ತಿಗೆ ದಿನದ ಮೊದಲ ಗಾಳಿ ಹೊಳೆಯ ಮೇಲೆ ಬಂತು. ನೀರಿನ ಮೈ ಸುಕ್ಕಾಯಿತು. ಟ್ಯೂಬು ತಾನೇ ತಾನಾಗಿ, ಅವಳನ್ನು ಕೇಳದೆ, ಜೊಂಡಿನ ಕಡೆ ಸರಿಯತೊಡಗಿತು. ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ಹೆದರಿಕೆಗೆ ಕಾಲು ಸೆಟೆದು ಒದೆಯಲು ಹವಣಿಸುತ್ತಿತ್ತು. ಹಲ್ಲು ಕಚ್ಚಿ ತಡೆದಳು. ಗಾಳವನ್ನು ತಳಕ್ಕೆ ಬಿಟ್ಟು, ಗಾಳಿ ಒಯ್ದ ಕಡೆ ಹೋಗಲು ಬಿಟ್ಟಳು.

ಈ ಸಲ ಸಿಕ್ಕಿದ್ದು ಬೇರೆಯ ಥರ ಸಿಕ್ಕಿತು. ಬೇರಿನ ಹಾಗೆ ಗಟ್ಟಿಯಾಗಿ ಹಿಡಿಯಲಿಲ್ಲ, ಬಲೆಯ ಹಾಗೆ ಭಾರವಾಗಿ ಬರಲಿಲ್ಲ. ಮಗು ಸೆರಗು ಜಗ್ಗಿದಷ್ಟು ಮೆತ್ತಗೆ ಜಗ್ಗಿ, ಜೊತೆಗೇ ಬಂತು. ಒಂದೊಂದೇ ಮೊಳ ಎಳೆದಳು. ನೀರಿನೊಳಗೆ ಮೊದಲು ಬಿಳಿಯ ಪ್ಲಾಸ್ಟಿಕ್ಕಿನ ಚೂರು ಕಂಡಿತು. ಆಮೇಲೆ ಗಾಳದ ಮುಳ್ಳಿಗೆ ಸುತ್ತಿದ ಶಿವದಾರ. ಆಮೇಲೆ ಬೆಳ್ಳಿ.

ಕರಡಿಗೆಯ ಮುಚ್ಚಳ ಕೀಲಿನ ಮೇಲೆ ತೆರೆದು ತೂಗುತ್ತಿತ್ತು. ಒಳಗೆ ಲಿಂಗ ಸುತ್ತುವ ಅರಿವೆಯ ತುಂಡು ಅಂಟಿಕೊಂಡಿತ್ತು. ಲಿಂಗ ಇರಲಿಲ್ಲ.

ನಯನಾ ಅದನ್ನು ಮಡಿಲಲ್ಲಿಟ್ಟುಕೊಂಡು ನೀರನ್ನೇ ನೋಡಿದಳು. ಕಂತಿಯೆಂಬ ಕಪ್ಪು ಲೇಪ ಬಳಿದ ನೆಲ್ಲಿಕಾಯಿ ಗಾತ್ರದ ನುಣುಪು ಲಿಂಗ. ಗಾಳ ದಾರವನ್ನು ಹಿಡಿದೀತು, ಅರಿವೆಯನ್ನು ಹಿಡಿದೀತು. ಅದನ್ನು ಯಾವ ಮುಳ್ಳು ಹಿಡಿದೀತು? ಆದರೂ ಇನ್ನೊಮ್ಮೆ ಬಿಟ್ಟಳು. ಮತ್ತೊಮ್ಮೆ. ಗಾಳಿ ಜೋರಾಗಿ ಜೊಂಡು ಸರಸರ ಎನ್ನತೊಡಗಿತ್ತು. ಟ್ಯೂಬು ಹುಲ್ಲಿಗೆ ತಾಗಿ, ಬುಡದಿಂದ ರಾಡಿ ಹೊಗೆಯ ಹಾಗೆ ಮೇಲೆದ್ದು ಎಲ್ಲವನ್ನೂ ಮುಚ್ಚಿತು.

ದಡದ ಕಡೆ ತಿರುಗಿದಳು. ಒದ್ದೆ ಬಟ್ಟೆಯ ಹೆಂಗಸನ್ನು ನೋಡುತ್ತ ನಿಲ್ಲಬಾರದೆಂದು ನೌಮಾನ್ ಆಗಲೇ ಬೆನ್ನು ತಿರುಗಿಸಿ ದಡ ಹತ್ತಿದ್ದ. ಹೊಂಗೆಯ ಕೆಳಗೆ ಬಕ್ಕೇಶ ಒಂದು ಕೈ ಎತ್ತಿದ. ಕರೆದನೋ, ಸಾಕು ಬಾ ಅಂದನೋ. ಕೈ ಅಲ್ಲೇ ಬಿತ್ತು.

ಅವಳು ಕುತ್ತಿಗೆಗೆ ಕೈ ಹಾಕಿ ತನ್ನ ಶಿವದಾರವನ್ನು ಹೊರಗೆಳೆದಳು. ಏಳು ವರ್ಷದವಳಿದ್ದಾಗ ತವರಿನ ಗುರುಗಳು ಅವಳ ಎಡಗೈ ಹಿಡಿದು, ಅಂಗೈ ಮೇಲೆ ಇದನ್ನಿಟ್ಟು, ಕಿವಿಯಲ್ಲಿ ಮಂತ್ರ ಹೇಳಿ, ಇದು ನಿನ್ನದು, ಯಾರಿಗೂ ಕೊಡುವುದಲ್ಲ, ಯಾರದ್ದನ್ನೂ ಪಡೆಯುವುದಲ್ಲ ಅಂದಿದ್ದರು. ಬಿಎಸ್ಸಿ ಓದುವಾಗ ಹಾಸ್ಟೆಲಿನಲ್ಲಿ ಗೆಳತಿಯರು ತಮಾಷೆ ಮಾಡಿದಾಗಲೂ ಅದು ಕೊರಳಿಂದ ಇಳಿದಿರಲಿಲ್ಲ. ಈಗ ರಜೆಗೆ ತವರಿಗೆ ಕಳಿಸಿರುವ ಮಗುವಿನ ಹೆರಿಗೆಯ ಮಂಚದ ಮೇಲೆ ನರ್ಸು ತೆಗೆಯಲು ಬಂದಾಗ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಬೆರಳುಗಳು ನೆನೆದು ಸುಕ್ಕಾಗಿ ಜಾರುತ್ತಿದ್ದವು. ಈಗ ಕೈ ತಪ್ಪಿದರೆ ಇದೂ ಹೋಯಿತು. ಚೂಡಿದಾರದ ಮಡಿಲನ್ನು ಜೋಳಿಗೆಯ ಹಾಗೆ ಮಾಡಿ, ಅದರೊಳಗೇ ತನ್ನ ಕರಡಿಗೆ ತೆರೆದಳು. ಲಿಂಗವನ್ನು ಒಮ್ಮೆ ಎಡ ಅಂಗೈ ಮೇಲಿಟ್ಟುಕೊಂಡಳು. ಕ್ಷಮಿಸು ಅಂದಳೋ, ಕಾಪಾಡು ಅಂದಳೋ ಅವಳಿಗೇ ತಿಳಿಯಲಿಲ್ಲ. ಗಂಡನ ಒದ್ದೆ ಅರಿವೆಯಲ್ಲಿ ಸುತ್ತಿ, ಗಂಡನ ಕರಡಿಗೆಯಲ್ಲಿಟ್ಟು, ಮುಚ್ಚಳ ಒತ್ತಿದಳು. ಟಕ್ ಎಂದು ಕೂತಿತು. ಖಾಲಿಯಾದ ತನ್ನದನ್ನೂ ಮುಚ್ಚಿ ಕೊರಳೊಳಗೆ ಇಳಿಸಿದಳು.

"ಸಿಕ್ತು," ಎಂದು ಕೂಗಿದಳು.

ಎದುರುಗಾಳಿಯಲ್ಲಿ ಹುಟ್ಟು ಹಾಕಿ ಬರುವಷ್ಟರಲ್ಲಿ ರಟ್ಟೆ ಬಿದ್ದುಹೋಗಿತ್ತು. ನೌಮಾನ್ ನೀರಿಗೆ ಹಾರಿ ಹಗ್ಗ ಹಿಡಿದು ದಡಕ್ಕೆಳೆದ. ಬಕ್ಕೇಶ ಮರಕ್ಕೆ ಒರಗಿ ಎದ್ದು ಕೂತಿದ್ದ. ಎರಡೂ ಕೈ ಚಾಚಿದ. ದಾರವನ್ನು ಹಾಗೇ ಕೊರಳಿಗೆ ಹಾಕಿಕೊಳ್ಳುತ್ತಾನೆ ಎಂದು ಅವಳು ನಂಬಿಕೊಂಡು ಬಂದಿದ್ದಳು. ಅವನು ಮುಚ್ಚಳ ತೆಗೆದ. ಅರಿವೆ ಬಿಡಿಸಿ ಲಿಂಗವನ್ನು ಅಂಗೈ ಮೇಲಿಟ್ಟು ನೋಡಿದ. ಬಹಳ ಹೊತ್ತು ನೋಡಿದ.

"ಯಾಕೋ ಸಣ್ಣದಾದಂಗ ಕಾಣ್ತೈತಲ್ಲ?"

ನಯನಾ ಮರಳಲ್ಲಿ ಬಿದ್ದಿದ್ದ ದುಪ್ಪಟ್ಟಾ ಎತ್ತಿ ಕೊರಳು ಮುಚ್ಚಿಕೊಂಡಳು. "ನಿನ್ನೆಯಿಂದ ನೀರು ಕಾಣದ ಕಣ್ಣು," ಎಂದಳು. "ನಿಮಗೆ ನಾನೂ ಸಣ್ಣಾಗಿ ಕಾಣ್ತಿದ್ದೀನೇನೋ. ಮೊದ್ಲು ಕುಡೀರಿ, ಆಮ್ಯಾಲೆ ನೋಡೀರಂತೆ."

ಅವನು ಇನ್ನೊಮ್ಮೆ ನೋಡಿದ. ಆಮೇಲೆ ಕಣ್ಣಿಗೊತ್ತಿಕೊಂಡು, ಕರಡಿಗೆಯಲ್ಲಿಟ್ಟು, ದಾರವನ್ನು ಕೊರಳಿಗೆ ಹಾಕಿಕೊಂಡು, ನೌಮಾನನ ಕಡೆ ಕೈ ಚಾಚಿದ. ಬಾಟಲಿಯ ನೀರು ಅವನ ಗಂಟಲಲ್ಲಿ ಇಳಿಯುವುದನ್ನು ನಯನಾ ಗುಟುಕು ಗುಟುಕಾಗಿ ನೋಡಿದಳು. ಒಂದೇ ಸಲಕ್ಕೆ ಬೇಡ, ನಿಧಾನ ಎಂದು ಬಾಟಲಿಯ ತಳಕ್ಕೆ ಕೈ ಕೊಟ್ಟಳು. ಅವನು ಇನ್ನು ಜನ್ಮದಲ್ಲಿ ಗಾಳ ಮುಟ್ಟುವುದಿಲ್ಲ ಅಂದ. ಹೋದ ಬೇಸಿಗೆಯಲ್ಲಿ ಮುಳ್ಳು ಬೆರಳಿಗೆ ಹೊಕ್ಕಾಗಲೂ ಹೀಗೇ ಅಂದಿದ್ದಿರಿ ಎಂದು ನೌಮಾನ್ ನೆನಪಿಸಿದ.

ಹರಿಹರಕ್ಕೆ ಬಂದು ರಸ್ತೆ ಬದಿಯ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತಾಗ ಬಿಸಿಲು ಸುಡುತ್ತಿತ್ತು. ಬಕ್ಕೇಶನ ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಹಣೆಯಲ್ಲಿ ಬೆವರು ಮೂಡಿದ್ದನ್ನು ಕಂಡು ಅವಳ ಎದೆ ಹಗುರಾಯಿತು. ಇಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗಬೇಕು ಎಂದಳು. ಅವನು ಒಪ್ಪಿದ. ಗಾಣ ಗಿರಗಿರ ತಿರುಗಿತು. ನೌಮಾನ್ ಮೊದಲ ಗ್ಲಾಸನ್ನು ಬಕ್ಕೇಶನಿಗೆ, ಎರಡನೆಯದನ್ನು ಅವಳಿಗೆ ಕೊಟ್ಟ.

ಬೆಳಿಗ್ಗೆಯಿಂದ ಅವಳೂ ಏನೂ ಕುಡಿದಿರಲಿಲ್ಲ. ಗ್ಲಾಸು ತಣ್ಣಗೆ ಬೆವರುತ್ತಿತ್ತು, ಮೇಲೆ ಹಸಿರು ನೊರೆ. ಲಿಂಗವಿಲ್ಲದ ಕೊರಳು ನೀರು ಮುಟ್ಟಬಾರದು. ಆ ಮನೆಗೆ ಸೊಸೆಯಾಗಿ ಬಂದ ವಾರವೇ ಅತ್ತೆ ಅಜ್ಜನ ಕಥೆ ಹೇಳಿ, ನೆನಪಿಡು ಅಂದಿದ್ದರು. ತವರಿನ ಗುರುಗಳು ಇನ್ನೂ ಇದ್ದಾರೆ. ಅವರ ಮುಂದೆ ಹೋಗಿ ಕೂತರೆ ಎಲ್ಲಿ ಕಳೆದೆ ಎಂದು ಕೇಳುತ್ತಾರೆ. ಕಳೆದಿಲ್ಲ ಅನ್ನಬೇಕು. ಹಾಗಾದರೆ ಎಲ್ಲಿದೆ ಅನ್ನುತ್ತಾರೆ. ಎಲ್ಲಿದೆ ಎಂದು ಹೇಳಿದ ದಿನ ಬಕ್ಕೇಶ ಮತ್ತೆ ನೀರು ಬಿಡುತ್ತಾನೆ. ಈ ಸಲ ಹುಡುಕಿದರೂ ಮಡುವಿನಲ್ಲಿ ಗಾಳಕ್ಕೆ ಸಿಗುವಂಥದ್ದು ಏನೂ ಉಳಿದಿಲ್ಲ.

"ಯಾಕ, ಐಸು ಜಾಸ್ತಿ ಆತಾ?" ಎಂದು ಬಕ್ಕೇಶ ಕೇಳಿದ. ಅವನ ಒಂದು ಕೈ ಅಂಗಿಯ ಮೇಲಿಂದಲೇ ಕರಡಿಗೆಯನ್ನು ಒತ್ತಿ ಹಿಡಿದಿತ್ತು.

ಇಲ್ಲ ಅಂದಳು. ಗುರುಗಳಿಗೂ ಬೇಡ, ಅತ್ತೆಗೂ ಬೇಡ, ಹೆತ್ತ ತಾಯಿಗೂ ಬೇಡ. ಇವನಿಗಂತೂ ಎಂದಿಗೂ ಬೇಡ. ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ಗಾಡಿಯ ಪಕ್ಕದಲ್ಲಿ ನಿಂತು ಗಟ್ಟಿಮಾಡಿಕೊಂಡಳು. ಗ್ಲಾಸನ್ನು ಬಾಯಿಗಿಟ್ಟು ತಡೆಯದೆ ಕೊನೆಯವರೆಗೂ ಕುಡಿದಳು.